ತಿರುವಿ ನೋಡದ ಪುಟ

ಮಳೆ ಹಿಡಿದು ನಾಲ್ಕು ದಿನವಾಯಿತೆಂದರೆ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಸನೆ ಏಳುತ್ತದೆ. ಹಳೆಯ ಚರ್ಮ, ಒಣಗಿದ ಅಂಟು, ಬೂಸು, ಅದರ ಮೇಲೆ ನಾನೇ ಹಾಕಿಟ್ಟ ಬೇವಿನ ಎಲೆ, ಎಲ್ಲ ಕೂಡಿದ ವಾಸನೆ. ಅಪ್ಪನ ಆರು ಸಂಪುಟಗಳು ಕಪಾಟಿನಲ್ಲಿ ಉಸಿರಾಡುತ್ತಿವೆ ಎಂದುಕೊಳ್ಳುತ್ತೇನೆ. ಮೊನ್ನೆ ಅವನ್ನು ಹೊರತೆಗೆದು ಒರೆಸುವಾಗ ಐದನೆಯದನ್ನು ಮುಟ್ಟಿದ ಕೂಡಲೇ ಕೈ ತಣ್ಣಗಾಯಿತು. ಆರು ವರ್ಷ ಕಳೆದರೂ ಆ ಮಳೆಗಾಲದ ಅಂಜಿಕೆ ನನ್ನ ಬೆರಳುಗಳಲ್ಲಿ ಇನ್ನೂ ಉಳಿದಿದೆ.

ಅಪ್ಪ ಚರ್ಚಿನಲ್ಲಿ ಸಭಾಪಾಲಕರಾಗಿದ್ದವರು, ಅಂದರೆ ಪಾದ್ರಿ. ಔರಾದ ಕಡೆಯ ಹಳ್ಳಿಗಳಲ್ಲೇ ಹೆಚ್ಚು ವರ್ಷ ಸೇವೆ ಮಾಡಿ, ನಿವೃತ್ತರಾಗಿ, ಅವ್ವ ತೀರಿಕೊಂಡ ಮೇಲೆ ನಮ್ಮ ಜೊತೆ ಭಾಲ್ಕಿಯಲ್ಲಿದ್ದರು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಸಂಪುಟಗಳು ಬೈಬಲಿನ ಮೇಲೆ ಮೂರು ಶತಮಾನದ ಹಿಂದೆ ಒಬ್ಬ ಇಂಗ್ಲಿಷ್ ಬೋಧಕ ಬರೆದ ವ್ಯಾಖ್ಯಾನ. ಊರು ಬಿಟ್ಟು ಹೋಗುವಾಗ ಒಬ್ಬ ವಿದೇಶಿ ಪಾದ್ರಿ ಅಪ್ಪನ ಕೈಗಿಟ್ಟು ಹೋಗಿದ್ದರಂತೆ. ಒಂದೊಂದು ಪುಟದಲ್ಲಿ ಎರಡು ಕಾಲಂ, ಸಾಸಿವೆಯಷ್ಟು ಸಣ್ಣ ಅಕ್ಷರ. ಪ್ರತಿ ಭಾನುವಾರದ ಪ್ರಸಂಗಕ್ಕೂ ಅಪ್ಪ ಮೊದಲು ಅವನ್ನೇ ತೆರೆಯುತ್ತಿದ್ದರು.

ಆ ವರ್ಷ ಜೂನಿನಲ್ಲಿ ಅಪ್ಪನ ಎಡಗಣ್ಣು ಹೋಯಿತು. ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ, ಅದು ಮರಳಿ ಬರುವುದಿಲ್ಲ, ಬಲಗಣ್ಣಿಗಾದರೂ ಬೇಗ ಆಪರೇಷನ್ ಮಾಡಬೇಕು ಎಂದರು ಬೀದರಿನ ಡಾಕ್ಟರು. ಬಲಗಣ್ಣಿನಲ್ಲೂ ಎದುರಿಗಿದ್ದವರ ಮುಖ ಮಾತ್ರ ಕಾಣುತ್ತಿತ್ತು, ಅಂಚುಗಳೆಲ್ಲ ಕತ್ತಲು. ಬಿ.ಪಿ. ಇಳಿಯದೆ ಆಪರೇಷನ್ ಮಾಡುವಂತಿರಲಿಲ್ಲ. ಆಗಸ್ಟಿನ ಒಂದು ಗುರುವಾರಕ್ಕೆ ದಿನ ಕೊಟ್ಟು, ಮನಸ್ಸಿಗೆ ಯಾವ ಪೆಟ್ಟೂ ಆಗದಂತೆ ನೋಡಿಕೊಳ್ಳಿ ಎಂದು ನನಗೆ ಎರಡೆರಡು ಸಲ ಹೇಳಿ ಕಳಿಸಿದರು.

ಹಾಗೆ ಆ ಮಳೆಗಾಲದಲ್ಲಿ ನಾನು ಓದುವವಳಾದೆ. ಶಾಲೆ ಮುಗಿಸಿ ಬಂದು ಚಹಾ ಕುಡಿದು, ನಾಲ್ಕೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಕಿಟಕಿಯ ಬಳಿ ಕುಳಿತು ಓದುತ್ತಿದ್ದೆ.

"ಮೊದಲ ಇಂಗ್ಲಿಷಿನ್ಯಾಗ ಓದು. ಆಮ್ಯಾಲ ನಮ್ಮ ಮಾತಿನ್ಯಾಗ ಹೇಳು," ಎನ್ನುತ್ತಿದ್ದರು ಅಪ್ಪ.

ಸುಲಭದ ಓದಲ್ಲ ಅದು. ವಾಕ್ಯ ಒಮ್ಮೆ ಶುರುವಾದರೆ ಅರ್ಧ ಕಾಲಂ ದಾಟುತ್ತಿತ್ತು, ಕ್ರಿಯಾಪದ ಸಿಗುವಷ್ಟರಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಕೆಲವು ಕಡೆ ಆ ಬೋಧಕ ನಮ್ಮಂಥ ದೇಶಗಳ ಜನರ ಬಗ್ಗೆ ನೋಯುವಂಥ ಮಾತು ಬರೆದಿದ್ದ. ನಾನು ತಡವರಿಸಿದರೆ ಅಪ್ಪ, "ಅದ ಬಿಡು. ಅವಗ ನಾವ್ಯಾರಂತ ಗೊತ್ತಿದ್ದಿಲ್ಲ," ಎನ್ನುತ್ತಿದ್ದರು. ಕಣದಲ್ಲಿ ಗೋಧಿ ತೂರುವ ವಚನದ ವಿವರಣೆ ಬಂದಾಗ ಮಾತ್ರ ನಕ್ಕುಬಿಟ್ಟರು. "ಈ ಮನಷ್ಯಾ ರಾಶಿ ಮಾಡೂದ ಒಂದ ದಿನಾನೂ ನೋಡಿಲ್ಲ ನೋಡಬೇ." ಆದರೂ ಒಂದೊಂದು ಶಬ್ದವನ್ನೂ ಅವನು ಅವಸರವಿಲ್ಲದೆ ಬಿಡಿಸಿ ನೋಡುವ ತಾಳ್ಮೆ ನನ್ನನ್ನು ಹಿಡಿಯತೊಡಗಿತು. ಫೋನಿನಲ್ಲಿ ಬೆರಳು ಸರಿಸಿ ಸರಿಸಿ ನಾನು ಹೀಗೆ ಒಂದು ಪುಟದಲ್ಲಿ ನಿಲ್ಲುವುದನ್ನೇ ಮರೆತಿದ್ದೆ.

ಕೀರ್ತನೆಗಳು ಮುಗಿದವು, ಯೆಶಾಯ ಮುಗಿಯಿತು. ಐದನೆಯ ಸಂಪುಟಕ್ಕೆ, ಅಂದರೆ ಯೇಸುವಿನ ಕಥೆ ಹೇಳುವ ಸುವಾರ್ತೆಗಳಿಗೆ, ಕೈ ಹಾಕಿದಾಗಲೆಲ್ಲ ಅಪ್ಪ, "ಅದ ಈಗ ಬ್ಯಾಡ," ಎನ್ನುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ನನಗಾಗ ಹತ್ತು ವರ್ಷ. ನಾವು ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಮಳೆಗಾಲದಲ್ಲಿ ಮಕ್ಕಳಿಗೆಲ್ಲ ಜ್ವರ ಬಂತು. ಅಪ್ಪ ಮನೆಮನೆಗೆ ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಹಲವರು ಎದ್ದರು. ರತ್ನಮ್ಮನ ಮಗಳು ಸುವಾರ್ತಾ, ನಾಲ್ಕು ವರ್ಷದ್ದು, ನನ್ನ ಹಿಂದೆ ಹಿಂದೆಯೇ ಓಡಾಡುತ್ತಿದ್ದ ಹುಡುಗಿ, ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲಿನ ಭಾನುವಾರ, ಪವಿತ್ರಾತ್ಮನು ನಮ್ಮೂರಿನ ಮಕ್ಕಳನ್ನು ಗುಣಪಡಿಸಿದನೆಂದು ಯಾರೋ ಎದ್ದು ಸಾಕ್ಷಿ ಹೇಳುತ್ತಿದ್ದಾಗ ನಾವು ಗುಡಿ ಎನ್ನುವ ಚರ್ಚಿನ ನಡುವೆ ರತ್ನಮ್ಮ ಎದ್ದು ನಿಂತು ಕೂಗಿದಳು. "ಅದು ಆತ್ಮ ಅಲ್ಲ, ದೆವ್ವ! ನನ್ನ ಕೂಸಿನ್ನ ತಿಂದ ದೆವ್ವ!"

ಮುಂದಿನ ವಾರ ಅಪ್ಪ ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯ ತೆಗೆದರು. ಪವಿತ್ರಾತ್ಮನ ಕೆಲಸವನ್ನು ದೆವ್ವದ ಕೆಲಸವೆಂದು ದೂಷಿಸಿದವರಿಗೆ ಎಂದಿಗೂ ಕ್ಷಮೆಯಿಲ್ಲ ಎಂಬ ಭಾಗ ಅದು. ಅಪ್ಪ ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ದೊಡ್ಡ ಪಂಡಿತರ ಪುಸ್ತಕದಲ್ಲೂ ಹೀಗೇ ಇದೆ ಎಂದು ವ್ಯಾಖ್ಯಾನವನ್ನು ಎತ್ತಿ ತೋರಿಸಿದರು. ಅಂದಿನಿಂದ ರತ್ನಮ್ಮ ಗುಡಿಗೆ ಬರುವುದನ್ನು ಬಿಡಲಿಲ್ಲ. ಆದರೆ ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ಎಲ್ಲರೂ ತಿಂದು ಕುಡಿಯುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಹೊರಬಂದ ಕೂಡಲೇ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂಡುವಳು. ಕ್ಷಮೆಯಿಲ್ಲದವರು ಅದನ್ನು ಮುಟ್ಟಿದರೆ ದೇವರ ಪೆಟ್ಟು ಬೀಳುತ್ತದೆ ಎಂಬ ನಂಬಿಕೆ. ಯಾರೂ ಅವಳನ್ನು ಕಳಿಸಲಿಲ್ಲ, ಯಾರೂ ಕರೆಯಲಿಲ್ಲ.

ಆ ಪ್ರಸಂಗ ನನ್ನನ್ನೂ ಬಿಡಲಿಲ್ಲ. ಆ ಮಾತು ನನ್ನ ಬಾಯಿಂದಲೂ ಬಂದುಬಿಟ್ಟರೆ ಎಂಬ ಭಯ ಹತ್ತಿಕೊಂಡಿತು. ಬರಬಾರದು ಎಂದುಕೊಂಡಷ್ಟೂ ಅದು ನಾಲಿಗೆಯ ತುದಿಗೆ ಬರುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ನಾಲಿಗೆ ಕಚ್ಚಿ ಕೂತಿರುತ್ತಿದ್ದೆ. ಒಮ್ಮೆ ರಕ್ತ ಬಂದು, ಅವ್ವ ಕೇಳಿದಾಗ ಊಟ ಮಾಡುವಾಗ ಕಚ್ಚಿಕೊಂಡೆನೆಂದು ಸುಳ್ಳು ಹೇಳಿದೆ.

ಆಪರೇಷನ್ನಿಗೆ ಮೂರು ದಿನ ಮೊದಲು, ಸೋಮವಾರ ಸಂಜೆ, ಹೊರಗೆ ಮಳೆ ಜಡಿಯುತ್ತಿತ್ತು. ಅಪ್ಪ ತಾವಾಗಿಯೇ ಹೇಳಿದರು. "ಐದನೇದ್ದ ತಗಿ. ಮಾರ್ಕ, ಮೂರನೇ ಅಧ್ಯಾಯ."

ಪುಟ ಸಿಕ್ಕಿತು. ಎಡ ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಗೆರೆ, ಕಾಲಂ ಮುಗಿಯುವವರೆಗೂ ಒತ್ತಿ ಎಳೆದದ್ದು. ಓದಿದೆ. ಮಾತು ಕಠಿಣವಾಗಿತ್ತು. ಎಲ್ಲ ಪಾಪಕ್ಕೂ ಮದ್ದುಂಟು, ಮದ್ದನ್ನೇ ವಿಷವೆಂದು ಎಸೆದವನಿಗೆ ಏನುಂಟು ಎಂಬಂಥ ಅರ್ಥ. ಅಪ್ಪನ ತುಟಿ ನನ್ನ ಜೊತೆಗೇ ಅಲುಗುತ್ತಿತ್ತು, ಅವರಿಗೆ ಅದೆಲ್ಲ ಬಾಯಿಪಾಠ. ಪುಟ ಮುಗಿಯಿತು. ತಿರುವಿದೆ.

ಹಿಂಬದಿಯಲ್ಲಿ ಅದೇ ವಿವರಣೆ ಮುಂದುವರಿದಿತ್ತು. ಅಲ್ಲಿ ಪೆನ್ಸಿಲ್ ಗುರುತಿರಲಿಲ್ಲ. ಬೋಧಕನ ದನಿಯೇ ಬದಲಾಗಿತ್ತು. ಈ ಮಾತು ಕಣ್ಣಾರೆ ಕಂಡೂ ಬೇಕೆಂದೇ ಎದೆ ಕಲ್ಲು ಮಾಡಿಕೊಂಡವರಿಗೆ ಹೇಳಿದ್ದು, ದುಃಖದಲ್ಲಿ ಏನೋ ಅಂದು ಆಮೇಲೆ ನಡುಗುವವರಿಗೆ ಅಲ್ಲ. ತಾನು ಈ ಪಾಪ ಮಾಡಿದೆನೇನೋ ಎಂದು ಯಾರು ಅಂಜುತ್ತಾರೋ ಅವರು ಅದನ್ನು ಮಾಡಿಲ್ಲ ಎನ್ನಲು ಆ ಅಂಜಿಕೆಯೇ ಗುರುತು. ಅಂಥವರ ಹೆಗಲ ಮೇಲೆ ಈ ವಚನವನ್ನು ಹೊರಿಸಬೇಡಿ ಎಂದು ಬೋಧಕರಿಗೇ ಬುದ್ಧಿ ಹೇಳುವ ಭಾಗ ಅದು.

ಗುರುತಿಲ್ಲದ ಆ ಅಂಚಿನ ಮೇಲೆ ಬೆರಳಿಟ್ಟೆ. ಮಳೆಯ ಸದ್ದೂ ಕೇಳದಾಯಿತು.

"ಮುಂದ?" ಎಂದರು ಅಪ್ಪ.

ಅವರ ಹಣೆಯ ನರ ಉಬ್ಬಿತ್ತು. ಡಾಕ್ಟರ ಮಾತು ನೆನಪಾಯಿತು. ಇಪ್ಪತ್ತೆಂಟು ವರ್ಷ ಒಬ್ಬ ಹೆಣ್ಣುಮಗಳನ್ನು ಕಟ್ಟೆಯ ಮೇಲೆ ಕೂಡಿಸಿದ್ದು ಒಂದು ಪುಟ ತಿರುವದೆ ಬಿಟ್ಟದ್ದಕ್ಕೆ ಎಂದು ಈಗ ಹೇಳಿದರೆ ಈ ಎದೆ ತಡೆದೀತೆ?

"ಅಷ್ಟೇ ಅದ ಅಪ್ಪಾ. ಮುಂದ ಬ್ಯಾರೆ ವಚನ," ಎಂದೆ.

ಅಪ್ಪ "ಹಂಗಾರ ಅಷ್ಟೇ," ಎಂದು ಎದ್ದು ಗೋಡೆ ಹಿಡಿದು ಒಳಗೆ ಹೋದರು. ಆ ಬೆನ್ನು ನೋಡಿದಾಗ ಹತ್ತು ವರ್ಷದ ಹುಡುಗಿಯ ಅಂಜಿಕೆ ಇಡಿಯಾಗಿ ಮರಳಿ ಬಂತು. ಮಂಗಳವಾರ ತರಗತಿಯಲ್ಲಿ ಮಕ್ಕಳಿಗೆ ಪದ್ಯ ಓದಿಸುತ್ತ ನಡುವೆ ನಿಂತುಬಿಟ್ಟೆ. ಮುಂದಿನ ಸಾಲು ಕಣ್ಣೆದುರಿಗಿದ್ದರೂ ಬಾಯಿ ತೆರೆಯಲಾಗಲಿಲ್ಲ. ರತ್ನಮ್ಮನ ಬಿಡುಗಡೆ ನನ್ನ ಕೈಲಿತ್ತು, ನಾನು ಅದರ ಮೇಲೆ ಕೂತಿದ್ದೆ. ಬುಧವಾರ ಸಂಜೆ ಅಪ್ಪ ಓದಲು ಹೇಳಲೇ ಇಲ್ಲ.

ಗುರುವಾರ ಬೆಳಿಗ್ಗೆ ಬಸ್ಸು ಹಿಡಿದು ಬೀದರಿಗೆ ಹೋದೆವು. ನನ್ನ ಗಂಡನಿಗೆ ಬೀದರ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ಹಗಲು ಪಾಳಿ. ಆಪರೇಷನ್ ಮುಗಿಯುವ ಹೊತ್ತಿಗೆ ಬರುತ್ತೇನೆಂದಿದ್ದರು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸು ಇನ್ನೊಬ್ಬಳನ್ನು ಕರೆದಳು, ಆಕೆ ಡಾಕ್ಟರನ್ನು ಕರೆದಳು. ಇವತ್ತು ಸಾಧ್ಯವೇ ಇಲ್ಲ, ಗುಳಿಗೆ ಬದಲಿಸುತ್ತೇನೆ, ಮುಂದಿನ ವಾರ ಬನ್ನಿ ಎಂದರು ಡಾಕ್ಟರು. ಹೊರಡುವಾಗ ಕೇಳಿದರು, "ಅಜ್ಜಾರ, ಯಾತರದ್ದು ಇಷ್ಟು ಚಿಂತಿ?"

"ಇನ್ನೊಂದು ಕಣ್ಣು ಹೋಗೂದರಾಗ ಒಬ್ಬಾಕಿ ಮಾರಿ ನೋಡಬೇಕಾಗೇದರಿ," ಎಂದರು ಅಪ್ಪ. "ನೋಡಿ ಏನ್ ಹೇಳ್ಬೇಕಂತ ತಿಳೀವಲ್ದು."

ನಾನು ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಸುತ್ತ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕ ಮುದುಕಿಯರು.

"ಅಪ್ಪಾ, ಸೋಮವಾರ ನಾ ಸುಳ್ಳ ಹೇಳಿದೆ. ಪುಟದ ಹಿಂದ ಇನ್ನಾ ಇತ್ತು."

ಅವರು ನನ್ನ ಕಡೆ ತಿರುಗಲಿಲ್ಲ. "ಪುಸ್ತಕ ತಂದೀಯೇನು?"

"ಫೋನಿನ್ಯಾಗ ಸಿಗ್ತದ." ಈಗ ಅಂಥ ಹಳೆಯ ವ್ಯಾಖ್ಯಾನಗಳೆಲ್ಲ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಭಾಗ ಹುಡುಕಿ ತೆಗೆದು, ಆ ಗದ್ದಲದ ನಡುವೆ ಅವರ ಕಿವಿಯ ಬಳಿ ಬಾಗಿ ಓದಿದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮ್ಮ ಮಾತಿನಲ್ಲಿ. ಓದುವಾಗ ನನ್ನ ಒಂದು ಕೈ ಅವರ ಮಣಿಕಟ್ಟಿನ ನಾಡಿಯ ಮೇಲಿತ್ತು. ಅದು ನಿಂತುಹೋದರೆ ಎಂದು ಎಣಿಸುತ್ತಲೇ ಇದ್ದೆ.

ಮುಗಿದ ಮೇಲೆ ಅಪ್ಪ ಇನ್ನೊಮ್ಮೆ ಓದಿಸಿದರು.

"ನಾ ಅಲ್ಲೇ ಯಾಕ ನಿಂತೆ ಗೊತ್ತದೇನು ಸುಜಾತಾ?" ಎಂದರು ಆಮೇಲೆ, ಬಹಳ ಮೆಲ್ಲಗೆ. "ನನಗ ಅಷ್ಟೇ ಬೇಕಾಗಿತ್ತು. ಆ ಕೂಸಿನ್ನ ಮಣ್ಣಾಗ ಇಟ್ಟು ಬರಾಗ, ಆಕಿ ಅಂದದ್ದ ನಾನೂ ಅಂದಿದ್ದೆ. ಆಕಿ ಬಾಯಿ ಬಿಟ್ಟು ಅಂದಳು, ನಾ ಒಳಗ ಅಂದೆ. ನನಗ ಅಂಜಿಕಿ ಹತ್ತಿತ್ತವ್ವ. ಆಕೀನ್ನ ಹೊರಗ ಹಾಕಿದ್ರ ನಾ ಒಳಗ ಉಳೀತೀನಂತ ತಿಳ್ಕೊಂಡೆ."

ನಾನು ಅಳತೊಡಗಿದೆ. ಮುಚ್ಚಿಟ್ಟದ್ದಕ್ಕೆ ತಪ್ಪಾಯಿತು ಎಂದೆ.

"ನೀ ಮೂರು ದಿನ ಮುಚ್ಚಿಟ್ಟಿ. ನಾ ಇಪ್ಪತ್ತೆಂಟ ವರ್ಷ." ಅಪ್ಪ ಕೋಲು ಊರಿ ಎದ್ದರು. "ಔರಾದ ಬಸ್ ಎಷ್ಟಕ್ಕದ ಕೇಳು."

ಇವತ್ತು ಬೇಡ, ಮೊದಲು ಬಿ.ಪಿ. ಇಳಿಯಲಿ ಎಂದು ಬೇಡಿಕೊಂಡೆ. ಅವರು ಬಸ್ ನಿಲ್ದಾಣದ ದಿಕ್ಕು ಕೇಳುತ್ತ ನಡೆದೇಬಿಟ್ಟರು. ಗಂಡನಿಗೆ ಫೋನು ಮಾಡಿದರೆ ಅವರೂ ಬೈದರು, ಮಾಂಜ್ರಾ ಹೊಳೆ ತುಂಬಿದೆಯಂತೆ, ಹುಚ್ಚಿದೆಯೇ ನಿಮಗೆ ಎಂದು. ಅಷ್ಟರಲ್ಲಿ ನಾವು ಬಸ್ಸಿನೊಳಗಿದ್ದೆವು.

ಮಾಂಜ್ರಾ ನಿಜವಾಗಿಯೂ ತುಂಬಿತ್ತು. ಸೇತುವೆಯ ಈಚೆ ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಹೋಗಿ ನೋಡಿದ. ಕೆಂಪು ನೀರು ಸೇತುವೆಯ ಹಾಸಿನ ಕೆಳಗೇ, ಒಂದು ಗೇಣು ಅಂತರದಲ್ಲಿ, ಮರದ ಬೊಡ್ಡೆಗಳನ್ನು ಹೊತ್ತುಕೊಂಡು ಓಡುತ್ತಿತ್ತು. ಕೆಲವರು ಇಳಿದರು. ಅಪ್ಪನಿಗೆ ನೀರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅವರು ನನ್ನ ಕೈ ಬಿಗಿಯಾಗಿ ಹಿಡಿದರು. ಪಕ್ಕದ ಸೀಟಿನಲ್ಲಿದ್ದ ಬಿಳಿ ಗಡ್ಡದ ಮುಸಲ್ಮಾನರೊಬ್ಬರು ನನ್ನ ಮುಖ ನೋಡಿ, "ಡರೋ ನಕ್ಕೋ ಬೇಟಿ," ಅಂಜಬೇಡ ಮಗಳೇ ಎಂದರು, ಆದರೆ ಅವರ ಬೆರಳೂ ಜಪಮಾಲೆಯ ಮೇಲೆ ಜೋರಾಗಿ ಓಡುತ್ತಿತ್ತು. ಬಸ್ಸು ಎತ್ತಿನ ಬಂಡಿಯಷ್ಟು ಮೆಲ್ಲಗೆ ದಾಟಿತು.

ಹಳ್ಳಿ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ರತ್ನಮ್ಮ ತನ್ನ ಮನೆ ಮುಂದಿನ ತಗಡಿನ ಮಾಡಿನ ಕೆಳಗೆ ಕೂತು ಮಳೆಗೆ ತೋಯ್ದ ಹೆಸರುಕಾಯಿ ಬಿಡಿಸುತ್ತಿದ್ದಳು. ಅರವತ್ತು ದಾಟಿದ, ಒಣಗಿದ ಮೈ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅಪ್ಪನನ್ನು ಕಂಡ ಕೂಡಲೇ ಎದ್ದಳು, ಮಡಿಲಲ್ಲಿದ್ದ ಕಾಯಿಯೆಲ್ಲ ಕೆಸರಿಗೆ ಬಿದ್ದವು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

"ಇನ್ನೇನ್ ಹೇಳ್ಲಾಕ ಬಂದ್ರಿ ಪಾದ್ರಿ ಸಾಬ್ರ?"

ಅಪ್ಪ ಆ ದನಿಯ ಕಡೆ ಮುಖ ತಿರುಗಿಸಿ, ಕೆಸರಿನಲ್ಲೇ ಮೊಣಕಾಲೂರಿದರು. ಎಲ್ಲವನ್ನೂ ಹೇಳಿದರು, ತಾವು ಒಳಗೆ ಅಂದುಕೊಂಡದ್ದನ್ನೂ ಬಿಡದೆ. ಆಮೇಲೆ ನನಗೆ ಓದು ಎಂದರು. ನಾನು ಫೋನು ತೆಗೆದು ನಮ್ಮ ಮಾತಿನಲ್ಲಿ ಆ ಭಾಗ ಹೇಳಿದೆ.

ರತ್ನಮ್ಮ ಕೊನೆಯವರೆಗೂ ಕೇಳಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಆ ಪುಸ್ತಕ ಏನರ ಹೇಳ್ಲಿರಿ," ಎಂದಳು. "ನಂಗ ನರಕದ್ದು ಅಂಜಿಕಿ ಇದ್ದಿದ್ದಿಲ್ಲ. ನನ್ನ ಕೂಸು ಸ್ವರ್ಗದೊಳಗದ, ನಾ ಹೊರಗ ಬೀಳ್ತೀನಿ, ಆಕೀ ಮಾರಿ ಎಂದೂ ಸಿಗಂಗಿಲ್ಲ ಅಂತ ಅಂಜಿಕಿ. ದಿನಾ ಅಂಜೀನಿ. ಈಗ ಒಂದ್ ಪುಟ ಓದಿದ್ರ ಅದು ಹೋಗ್ತದೇನ್ರಿ?"

ಅಪ್ಪ ಇಲ್ಲ ಎಂದು ತಲೆಯಾಡಿಸಿದರು. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಅಪ್ಪನ ಕೈಗೆ ಕೊಡದೆ, ಅವರ ಎದುರು ನೆಲದ ಮೇಲಿಟ್ಟಳು. ಕುಡಿದು ಬಂದೆವು.

ಮುಂದಿನ ವಾರ ಬಿ.ಪಿ. ಇಳಿದು ಆಪರೇಷನ್ ಆಯಿತು. ಬಲಗಣ್ಣು ಪೂರಾ ಉಳಿಯಲಿಲ್ಲ. ಬೆಳಕು, ನೆರಳು, ಹತ್ತಿರ ಬಂದವರ ಮುಖದ ಆಕಾರ ಉಳಿಯಿತು. ಸೆಪ್ಟೆಂಬರಿನ ಮೊದಲ ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಆ ಹಳ್ಳಿಯ ಗುಡಿಗೆ ಹೋದರು. ಈಗಿನ ಪಾಸ್ಟರ್ ಚಿಕ್ಕ ವಯಸ್ಸಿನವರು. ಅವರಲ್ಲಿ ಐದು ನಿಮಿಷ ಕೇಳಿಕೊಂಡು, ಹಿಂದೊಮ್ಮೆ ಇಲ್ಲಿ ನಿಂತು ಅರ್ಧ ಹೇಳಿ ಹೋಗಿದ್ದೆ, ಉಳಿದರ್ಧ ಇವತ್ತು ಹೇಳುತ್ತೇನೆ ಎಂದು ಶುರುಮಾಡಿ, ಪುಟದ ಹಿಂಬದಿಯದೆಲ್ಲ ಹೇಳಿ ಇಳಿದರು. ರೊಟ್ಟಿ, ಪಾತ್ರೆ ಹೊರಬಂದಾಗ ರತ್ನಮ್ಮ ಎಂದಿನಂತೆ ಎದ್ದು ಹೊರಗೆ ಹೋದಳು. ಅಪ್ಪ ಕೋಲು ತಡಕಾಡಿ ಅವಳ ಹಿಂದೆಯೇ ಹೋಗಿ, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತರು.

"ನೀವು ಹಿರಿಯರು ಹಿಂಗ ಮಾಡಿದ್ರ ಜನ ಏನಂತಾರ್ರಿ?" ಎಂದರು ಪಾಸ್ಟರ್ ಆಮೇಲೆ.

"ಇಷ್ಟು ವರ್ಷ ಆಕಿ ಕುಂತಾಗ ಏನಂದಾರೋ ಅದೇ ಅಂತಾರ," ಎಂದರು ಅಪ್ಪ.

ಅಕ್ಟೋಬರಿನಲ್ಲೂ ಹಾಗೇ ಆಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬದುಕಿನುದ್ದಕ್ಕೂ ಬೇರೆಯವರ ಕೈಗೆ ರೊಟ್ಟಿ ಕೊಟ್ಟವರು, ಈ ಸೊರಗಿದ ಎದೆಯೊಂದಿಗೆ, ಅದನ್ನು ಮತ್ತೆ ಮುಟ್ಟದೆಯೇ ಹೋಗಿಬಿಟ್ಟರೆ ಎಂದು ನಾನು ಅಂಜುತ್ತಿದ್ದೆ.

ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಚಳಿಯಿತ್ತು. ಹೊಲದಲ್ಲಿ ತೊಗರಿ ಹೂವಾಗಿತ್ತು. ಇಬ್ಬರೂ ಹೊರಗೆ ಹೋಗಿ ಕೂತರು. ಒಳಗೆ ಸಾಲು ಕರಗುತ್ತ ಬಂತು. ಇನ್ನೇನು ಪಾಸ್ಟರ್ ತಟ್ಟೆಗೆ ಬಟ್ಟೆ ಮುಚ್ಚಬೇಕು, ಆಗ ಹೊರಗೆ ರತ್ನಮ್ಮನ ದನಿ ಕೇಳಿತು, ಸಿಡುಕಿನ ದನಿ.

"ಏಳ್ರಿ. ಕಲ್ಲು ತಣ್ಣಗದ, ನಿಮ್ಮ ಮೊಣಕಾಲು ಹಿಡೀತಾವ."

"ನೀ ಎದ್ರ ಏಳ್ತೀನಿ," ಎಂದರು ಅಪ್ಪ.

ಬಾಗಿಲಲ್ಲಿ ಅವಳು ಮೊದಲು ಕಂಡಳು, ಹಿಂದೆ ಅಪ್ಪ. ಜನ ದಾರಿ ಬಿಟ್ಟರು. ನಾನು ಹೋಗಿ ಅವಳ ಪಕ್ಕದಲ್ಲಿ ಮೊಣಕಾಲೂರಿದೆ. ಪಾಸ್ಟರ್ ಅವಳ ಅಂಗೈಯಲ್ಲಿ ರೊಟ್ಟಿಯ ಚೂರಿಟ್ಟರು. ಬಾಯಿಗೆ ಹಾಕಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲು ಕುಗ್ಗಿಸಿ, ಮೇಲಿನಿಂದ ಏನೋ ಬಂದು ಬಡಿಯುತ್ತದೆ ಎಂಬಂತೆ ಕಾದಳು. ನಾನೂ ಕಾದೆ. ಆಚೆ ಪಕ್ಕದಲ್ಲಿ ಅಪ್ಪನೂ ಬಾಯಲ್ಲಿಟ್ಟದ್ದನ್ನು ನುಂಗದೆ ಕಾಯುತ್ತಿದ್ದರು.

ಹೊರಗೆ ಯಾರದೋ ಕುರಿ ಕೂಗಿತು. ರತ್ನಮ್ಮ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಮಾಡಿನ ಕಡೆ ನೋಡಿದಳು, ಮತ್ತೆ ತನ್ನ ಬರಿದಾದ ಅಂಗೈ ನೋಡಿಕೊಂಡಳು.

"ಏನೂ ಆಗ್ಲಿಲ್ಲಲ್ಲಬೇ," ಎಂದಳು ನನ್ನ ಕಿವಿಯಲ್ಲಿ.